ಕಣದ ಮಧ್ಯಸ್ಥನೂ ಬೆಂಚಿನ ಗುರುವೂ

ಶ್ರಾವಣವು ಸಮೀಪಿಸಿತೆಂದರೆ ಬೆಳಗಾವಿ ಹಾಗೂ ಖಾನಾಪುರ ಸೀಮೆಯ ಶಾಲೆಗಳಲ್ಲಿ ಎರಡು ಸಡಗರಗಳು ಏಕಕಾಲಕ್ಕೆ ತಲೆದೋರುತ್ತವೆ. ಮಠಗಳಲ್ಲಿ ಪುರಾಣ-ಪ್ರವಚನಗಳು ಆರಂಭವಾಗುವುದು ಒಂದು; ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ತಾಲೂಕು, ಜಿಲ್ಲೆ, ವಿಭಾಗಗಳ ಮೆಟ್ಟಿಲುಗಳನ್ನು ಒಂದೊಂದಾಗಿ ಏರತೊಡಗುವುದು ಮತ್ತೊಂದು. ಸಹ್ಯಾದ್ರಿಯ ಸೆರಗಿನ ಈ ನಾಡಿನಲ್ಲಿ ಆಗ ಮಳೆಯೂ ಬಿಡುವು ಕೊಡುವುದಿಲ್ಲ. ಉದ್ಯಮಬಾಗದ ಆಸುಪಾಸಿನ ಸಿಮೆಂಟಿನ ಅಂಗಣವೊಂದರಲ್ಲಿ ಗೋಣಿಚೀಲದಿಂದ ನೀರನ್ನು ಒರಸಿ, ಮಾಸಿದ ಗೆರೆಗಳ ಮೇಲೆ ಸೀಮೆಸುಣ್ಣ ತೀಡಿ, ಹದಿನಾಲ್ಕು ವರ್ಷದೊಳಗಿನ ಬಾಲಕರ ಬಾಸ್ಕೆಟ್‌ಬಾಲ್ ಪಂದ್ಯವನ್ನು ಹೂಡುತ್ತಾರೆ. ಆಡುವ ಹುಡುಗರಲ್ಲಿ ಕೆಲವರ ತಂದೆಯರು ಎರಕದ ಕಾರ್ಖಾನೆಯಲ್ಲಿ ರಾತ್ರಿಯ ಪಾಳಿ ಮುಗಿಸಿ, ನಿದ್ದೆಗಣ್ಣಿನಲ್ಲಿಯೇ ಬಂದು ಗೋಡೆಗೊರಗಿ ನಿಂತಿರುತ್ತಾರೆ. ಎರಡೂ ಕಡೆಯ ಅಂಕಗಳು ಸಮನಾಗಿವೆ. ಉಳಿದಿರುವುದು ಎರಡೇ ನಿಮಿಷ. ಅಷ್ಟರಲ್ಲಿ ಸೀಟಿ ಕೇಳಿಸುತ್ತದೆ. ಫೌಲ್! ಆಗ ಬೆಂಚಿನಿಂದ ಪುಟಿದೆದ್ದ ತರಬೇತುದಾರನು ಗೆರೆಯನ್ನು ದಾಟಿ ಅಂಗಣದೊಳಕ್ಕೇ ನುಗ್ಗಿ, “ಏ, ಕಣ್ಣ ಮುಚ್ಚಿಕೊಂಡ ನಿಂತೀಯೇನು!” ಎಂದು ಗರ್ಜಿಸುತ್ತಾನೆ. ಹತ್ತು ಹುಡುಗರೂ ಚೆಂಡನ್ನು ಮರೆತು ಈ ಇಬ್ಬರು ದೊಡ್ಡವರನ್ನು ನೋಡುತ್ತ ನಿಲ್ಲುತ್ತಾರೆ.

ಆ ಕ್ಷಣದಲ್ಲಿ ಸೀಟಿ ಹಿಡಿದವನು ಏನು ಮಾಡಬೇಕು? ಮಠದ ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಚೆಂಡಾಟದ ಜಗಳಕ್ಕೇಕೆ ಸ್ಥಳ ಎಂದು ಹುಬ್ಬೇರಿಸುವವರು ಇರಬಹುದು. ಆದರೆ ಹತ್ತು ಹುಡುಗರ ಕಣ್ಣೆದುರಿಗೆ ಗುರುಸ್ಥಾನದಲ್ಲಿರುವ ಒಬ್ಬನು ನ್ಯಾಯಸ್ಥಾನದಲ್ಲಿರುವ ಮತ್ತೊಬ್ಬನನ್ನು ಹೀಯಾಳಿಸುವ ಪ್ರಸಂಗವು ಚೆಂಡಿನ ಮಾತಷ್ಟೇ ಅಲ್ಲ. ಆ ವರ್ಷ ಪೌರನೀತಿಯ ಪಾಠದಲ್ಲಿ ಕಲಿತುದನ್ನೆಲ್ಲ ಆ ಹುಡುಗರು ಒಂದು ಗಳಿಗೆಯಲ್ಲಿ ಮರೆಯಬಲ್ಲರು.

ಮೊದಲು ಈ ಆಟದ ಹುಟ್ಟನ್ನು ನೆನೆಯಬೇಕು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕನು, ಚಳಿಗಾಲದಲ್ಲಿ ಒಳಾಂಗಣದಲ್ಲಿ ಬೇಸತ್ತು ಪುಂಡಾಟಕ್ಕಿಳಿದಿದ್ದ ತರುಣರನ್ನು ಹತೋಟಿಗೆ ತರಲು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಉಪ್ಪರಿಗೆಯ ಕಟಕಟೆಗೆ ಬಡಿದು ಈ ಆಟವನ್ನು ಕಲ್ಪಿಸಿದನು. ಬರೆದ ನಿಯಮಗಳು ಹದಿಮೂರೇ. ಅವುಗಳಲ್ಲಿ ಇಬ್ಬರು ತೀರ್ಪುಗಾರರ ಪ್ರಸ್ತಾಪವಿದೆ: ಒಬ್ಬನು ಆಟಗಾರರ ನಡತೆಯನ್ನು ನೋಡತಕ್ಕವನು, ಇನ್ನೊಬ್ಬನು ಚೆಂಡನ್ನು ನೋಡತಕ್ಕವನು. ತರಬೇತುದಾರನೆಂಬ ಪ್ರಾಣಿಯ ಹೆಸರೇ ಅಲ್ಲಿಲ್ಲ! ಮುಂದೆ ಆ ಪದವಿ ಹುಟ್ಟಿಕೊಂಡ ಮೇಲೂ ಆಟ ನಡೆಯುತ್ತಿರುವಾಗ ಆತನು ಬಾಯಿ ತೆರೆಯುವುದನ್ನು ಬಹುಕಾಲ ಅಪರಾಧವೆಂದೇ ಎಣಿಸಲಾಗಿತ್ತು. 1910-11ರ ಅಮೆರಿಕದ ಕಾಲೇಜು ನಿಯಮಗಳ ಪ್ರಕಾರ ಆಟದ ನಡುವೆ ಹೊರಗಿನಿಂದ ಉಪದೇಶ ಮಾಡಿದರೆ ಮೊದಲು ಎಚ್ಚರಿಕೆ, ಅನಂತರ ಎದುರಾಳಿಗೆ ಒಂದು ಫ್ರೀ ಥ್ರೋ. ಟೈಮ್‌ಔಟ್ ವೇಳೆಯಲ್ಲಿ ತರಬೇತುದಾರನು ತನ್ನ ಹುಡುಗರೊಡನೆ ಮಾತಾಡಬಹುದೆಂಬ ಅಪ್ಪಣೆ ದೊರೆತದ್ದು 1948-49ರಲ್ಲಿ. ಅರ್ಥಾತ್, ಕಣದಂಚಿನಲ್ಲಿ ನಿಂತು ಮಾತಾಡುವುದು ತರಬೇತುದಾರನಿಗೆ ಆಜನ್ಮಸಿದ್ಧವಾದ ಹಕ್ಕಲ್ಲ. ಕಾಲಕ್ರಮದಲ್ಲಿ ಆಟವು ಅವನಿಗೆ ಔದಾರ್ಯದಿಂದ ಕೊಟ್ಟ ಸಲುಗೆ.

ಇಂದಿನ ಅಂತರರಾಷ್ಟ್ರೀಯ ನಿಯಮಾವಳಿಯು ಆ ಸಲುಗೆಗೆ ಎಲ್ಲೆಯನ್ನೂ ಹಾಕಿದೆ. ತಂಡದ ಬೆಂಚಿನ ಪ್ರದೇಶಕ್ಕೆ ಗೆರೆಯುಂಟು. ಮುಖ್ಯ ತರಬೇತುದಾರ, ಮೊದಲನೆಯ ಸಹಾಯಕ, ಈ ಇಬ್ಬರಲ್ಲಿ ಒಂದು ಹೊತ್ತಿಗೆ ಒಬ್ಬನು ಮಾತ್ರ ನಿಂತಿರಬಹುದು. ಚೆಂಡು ನಿಂತು ಗಡಿಯಾರವೂ ನಿಂತಾಗ ತೀರ್ಪುಗಾರನ ಬಳಿ ವಿನಯದಿಂದ ಮಾಹಿತಿ ಕೇಳುವ ಅಧಿಕಾರವನ್ನು ನಿಯಮವು ತಂಡದ ನಾಯಕನಿಗೆ, ಎಂದರೆ ಆ ಹದಿಮೂರು ವರ್ಷದ ಹುಡುಗನಿಗೆ ಕೊಟ್ಟಿದೆ. ಇದು ಮನನ ಮಾಡತಕ್ಕ ಸಂಗತಿ. ದೊಡ್ಡವರು ಅರಚುವ ಕಡೆಯಲ್ಲಿ ಚಿಕ್ಕವನೊಬ್ಬನು “ಸರ್, ಅದು ಯಾರ ಫೌಲ್?” ಎಂದು ಸಭ್ಯತೆಯಿಂದ ಕೇಳುವುದನ್ನು ಆಟವೇ ವಿಧಿಸಿದೆ. ಎಷ್ಟು ಶಾಲೆಗಳಲ್ಲಿ ನಾಯಕನಿಗೆ ಇದನ್ನು ಹೇಳಿಕೊಟ್ಟಿದ್ದಾರೆ?

ಮಾತು ಮಿತಿ ಮೀರಿದರೆ ತೀರ್ಪುಗಾರನ ಕೈಯಲ್ಲಿ ‘ಟೆಕ್ನಿಕಲ್ ಫೌಲ್’ ಎಂಬ ದಂಡವುಂಟು. ಎರಡು ಅಂಗೈಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದಂತೆ ಜೋಡಿಸಿ ತೋರಿಸಿದರಾಯಿತು. ಎದುರಾಳಿಗೆ ಒಂದು ಫ್ರೀ ಥ್ರೋ, ಅಂಕಪಟ್ಟಿಯಲ್ಲಿ ತರಬೇತುದಾರನ ಹೆಸರಿನ ಮುಂದೆ ಒಂದು ಗುರುತು. ಸ್ವಂತ ದುರ್ನಡತೆಗಾಗಿ ಇಂಥ ಎರಡು ಬಿದ್ದರೆ ಆತನು ಅಂಗಣವನ್ನು ಬಿಟ್ಟು ಹೊರಡಬೇಕು. ಇಷ್ಟು ಸ್ಪಷ್ಟವಾದ ನಿಯಮವಿದ್ದೂ ನಮ್ಮ ಶಾಲಾ ಪಂದ್ಯಗಳಲ್ಲಿ ಆ ‘ಟಿ’ ಕಾಣಿಸುವುದು ಅಪರೂಪ. ಬೈಗುಳ ಮಾತ್ರ ಅಪರೂಪವಲ್ಲ.

ಕಾರಣವನ್ನು ನಿಯಮಪುಸ್ತಕದಲ್ಲಿ ಹುಡುಕಿದರೆ ಸಿಕ್ಕದು. ಊರಿನ ಸಂಬಂಧಗಳಲ್ಲಿ ಹುಡುಕಬೇಕು. ಶಾಲಾ ಕ್ರೀಡಾಕೂಟದ ತೀರ್ಪುಗಾರನು ಬಾನಿನಿಂದ ಇಳಿದುಬಂದವನಲ್ಲ. ಆತನೂ ಇನ್ನೊಂದು ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ. ಕರ್ತವ್ಯದ ಮೇಲೆ ಎರಡು ದಿನಕ್ಕೆ ನಿಯೋಜಿತನಾದವನು. ಇಂದು ಹತ್ತು ಗಂಟೆಗೆ ಸೀಟಿ ಊದುವವನು ಹನ್ನೆರಡಕ್ಕೆ ತನ್ನ ಹುಡುಗರನ್ನು ಕರೆದುಕೊಂಡು ಬೆಂಚಿಗೆ ಬರುತ್ತಾನೆ. ಆಗ ಸೀಟಿಯು ಬೆಳಿಗ್ಗೆ ಬೈದವನ ಬಾಯಲ್ಲಿರುತ್ತದೆ. “ಈಗ ನಾನು ಇವನಿಗೆ ದಂಡ ಹಾಕಿದರೆ ಮಧ್ಯಾಹ್ನ ನನ್ನ ಹುಡುಗರ ಗತಿಯೇನು?” ಎಂಬ ಲೆಕ್ಕವು ತಲೆಯಲ್ಲಿ ಸುಳಿಯದಿರಲು ಆತನು ವಿರಕ್ತನೇ ಆಗಬೇಕು. ಇದಕ್ಕಿಂತಲೂ ಸೂಕ್ಷ್ಮವಾದ ಸಂಕಟ ಇನ್ನೊಂದಿದೆ. ಬೆಂಚಿನಲ್ಲಿ ಕುಳಿತು ಕೂಗುವ ಹಿರಿಯರು ಹಲವು ಸಲ ತೀರ್ಪುಗಾರನ ಸ್ವಂತ ಗುರುಗಳೇ ಆಗಿರುತ್ತಾರೆ. ಚೆಂಡು ಹಿಡಿಯಲು ಕಲಿಸಿದವರು, ಬಿ.ಪಿ.ಇಡಿ. ಕಾಲೇಜಿಗೆ ಅರ್ಜಿ ತುಂಬಿಸಿದವರು, ಮದುವೆಗೆ ಬಂದು ಅಕ್ಷತೆ ಹಾಕಿದವರು. ಅಂಥವರ ಕಡೆಗೆ ತಿರುಗಿ ‘ಟಿ’ ತೋರಿಸುವ ಕೈ ನಡುಗದಿರುವುದು ಹೇಗೆ? ಅರ್ಜುನನಿಗೆ ರಥದಿಂದ ದ್ರೋಣರು ಕಂಡಾಗಿನ ಸಂಕಟವು ಇದೇ ಜಾತಿಯದು.

ಹೀಗೆಂದು ತೀರ್ಪುಗಾರನು ಸುಮ್ಮನಿದ್ದುಬಿಡಬಹುದೇ? ಕೂಡದು. ಪಂದ್ಯಕ್ಕೆ ಮೊದಲು ಗೆರೆಯಾಚೆ ಗುರುಗಳ ಪಾದಮುಟ್ಟಿ ನಮಸ್ಕರಿಸಲಿ, ಅದು ಶಿಷ್ಯಧರ್ಮ. ಗೆರೆಯ ಒಳಗೆ ಬಂದ ಮೇಲೆ ಆತನು ಯಾರ ಶಿಷ್ಯನೂ ಅಲ್ಲ. ‘ಮಧ್ಯಸ್ಥ’ ಎಂಬ ಶಬ್ದದ ಅರ್ಥವೇ ನಡುವೆ ನಿಂತವನು ಎಂದು. ಒಂದು ಕಡೆಗೆ ಅಡಿಯಿಟ್ಟರೂ ಆ ಹೆಸರು ಅವನಿಗೆ ಸಲ್ಲದು. ಗುರುವು ನಿಜವಾಗಿ ಗುರುವೇ ಆಗಿದ್ದರೆ, ತಾನು ಬೆಳೆಸಿದ ಹುಡುಗನು ತನ್ನೆದುರಿಗೇ ನಿಯಮ ಬಿಡದೆ ನಿಂತದ್ದಕ್ಕೆ ಸಂಜೆಗೆ ಒಳಗೊಳಗೇ ಹಿಗ್ಗಬೇಕು. ಮುಖದ ಮೇಲೆ ತೋರಿಸಿಕೊಳ್ಳದಿದ್ದರೆ ಚಿಂತೆಯಿಲ್ಲ.

ಗುರುವಿನ ಕೋಪದ ಮಾತು ಬಂದಾಗ ಭಾರತದ ಎರಡು ಪ್ರಸಂಗಗಳು ನೆನಪಾಗದಿರವು. ದ್ರೋಣರು ತಮ್ಮ ಶಿಷ್ಯರ ಅಸ್ತ್ರವಿದ್ಯೆಯನ್ನು ಹಸ್ತಿನಾವತಿಯ ಜನರ ಮುಂದೆ ಪ್ರದರ್ಶಿಸಿದಾಗ ಭೀಮ-ದುರ್ಯೋಧನರ ಗದಾವಿನೋದವು ನಿಜದ ಕಾಳಗವಾಗಿ ಕೆರಳತೊಡಗಿತು. ನೋಡುವ ಜನರೂ ಎರಡು ಪಕ್ಷವಾದರು. ಆಗ ದ್ರೋಣರು ಯಾರ ಪಕ್ಷವನ್ನೂ ಹಿಡಿಯಲಿಲ್ಲ. ಅಶ್ವತ್ಥಾಮನನ್ನು ಕಳುಹಿಸಿ ಇಬ್ಬರನ್ನೂ ಬಿಡಿಸಿದರು. ಎರಡನೆಯದು ಕುರುಕ್ಷೇತ್ರದ ಕೊನೆಯ ದಿನದ್ದು. ಮುಧೋಳದ ರನ್ನ ಕವಿಯು ತನ್ನ ಮಹಾಕಾವ್ಯಕ್ಕೆ ವಸ್ತುವಾಗಿ ಆರಿಸಿಕೊಂಡ ಆ ಗದಾಯುದ್ಧದಲ್ಲಿ ಹೋರಾಡಿದ ಇಬ್ಬರಿಗೂ ಗದಾವಿದ್ಯೆಯ ಗುರು ಬಲರಾಮನೇ. ವ್ಯಾಸಭಾರತದಲ್ಲಿ ಭೀಮನು ತೊಡೆಗೆ ಹೊಡೆದಾಗ ಬಲರಾಮನು ನೇಗಿಲನ್ನೆತ್ತಿ ಭೀಮನ ಮೇಲೆ ಏರಿಹೋಗುತ್ತಾನೆ. ಕೃಷ್ಣನು ತೋಳುಗಳಿಂದ ಅಪ್ಪಿ ತಡೆಯುತ್ತಾನೆ. ಕೃಷ್ಣನ ಸಮಾಧಾನ ಬಲರಾಮನಿಗೆ ಒಪ್ಪಿಗೆಯಾಗುವುದಿಲ್ಲ. ಸಿಟ್ಟಿನಿಂದಲೇ ರಥವೇರಿ ದ್ವಾರಕೆಗೆ ಹೊರಟುಹೋಗುತ್ತಾನೆ.

ಬಲರಾಮನನ್ನು ಕೇವಲ ಮುಂಗೋಪಿಯೆಂದು ಹಳಿಯುವುದು ಸುಲಭ. ಆದರೆ ಆತನ ವಾದದಲ್ಲಿ ಹುರುಳಿತ್ತು. ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ, ಮತ್ತು ಆ ನಿಯಮ ಮುರಿದದ್ದು ನಿಜ. ಅಲ್ಲಿ ಇಲ್ಲದಿದ್ದವನು ಮಧ್ಯಸ್ಥ. ನೆರೆದವರೆಲ್ಲರೂ ಒಂದಲ್ಲ ಒಂದು ಪಕ್ಷದವರು. ತಡೆದ ಕೃಷ್ಣನೂ ಪಾಂಡವ ಪಕ್ಷಪಾತಿಯೇ. ಸೀಟಿ ಊದುವವನಿಲ್ಲದ ಕಣದಲ್ಲಿ ನ್ಯಾಯವಾದ ದೂರಿಗೂ ನೇಗಿಲನ್ನೆತ್ತುವುದಲ್ಲದೆ ಬೇರೆ ದಾರಿ ಉಳಿಯಲಿಲ್ಲ. ಇಂದಿನ ತರಬೇತುದಾರನಿಗೆ ದಾರಿಯಿದೆ. ಪಂದ್ಯ ಮುಗಿದೊಡನೆ ನಿಯಮದಲ್ಲಿ ಹೇಳಿದ ಅವಧಿಯೊಳಗೆ ನಾಯಕನ ಸಹಿಯೊಂದಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ದಾರಿಯಿದ್ದೂ ನೇಗಿಲನ್ನೇ ಎತ್ತುವವನನ್ನು ಬಲರಾಮನಿಗೆ ಹೋಲಿಸಿದರೆ ಬಲರಾಮನಿಗೆ ಅನ್ಯಾಯ.

ಇನ್ನು ಕೋಪಗಳೆಲ್ಲ ಒಂದೇ ಬಗೆಯವಲ್ಲವೆಂಬುದನ್ನು ತೀರ್ಪುಗಾರನು ಅರಿಯಬೇಕು. ಒಬ್ಬನು ತನ್ನ ಹುಡುಗನು ಜಾರಿ ಬಿದ್ದು ಮೊಣಕಾಲು ಒಡೆದುಕೊಂಡಾಗ ಸಂಕಟದಿಂದ ಕೂಗುತ್ತಾನೆ. ಅಂಥವನ ಕೂಗು ಅರ್ಧ ನಿಮಿಷದಲ್ಲಿ ತಾನೇ ಆರುತ್ತದೆ. ಅದನ್ನು ಕೇಳಿಸಿಕೊಳ್ಳದವನಂತೆ ಇರುವುದೇ ವಿವೇಕ. ಇನ್ನೊಬ್ಬನಿಗೆ ನಿಯಮವು ನಿಜವಾಗಿ ತಿಳಿದಿರುವುದಿಲ್ಲ; ಹತ್ತು ವರ್ಷದ ಹಿಂದಿನ ಪುಸ್ತಕವನ್ನು ಓದಿದವನು, ಅಥವಾ ಕಬಡ್ಡಿಯಿಂದ ಬಾಸ್ಕೆಟ್‌ಬಾಲಿಗೆ ಒತ್ತಾಯದಿಂದ ನೇಮಕವಾದವನು. ಅವನಿಗೆ ಬೇಕಾದದ್ದು ಎರಡು ಮಾತಿನ ಉತ್ತರ. ಮೂರನೆಯವನ ಕೋಪವೇ ಕೇಡಿನದು. ಆತನಿಗೆ ಕೋಪ ಬಂದೇ ಇರುವುದಿಲ್ಲ. ಕೂಗಿದರೆ ಮುಂದಿನ ಸೀಟಿ ತನ್ನ ಕಡೆಗೆ ಬಾಗೀತೆಂಬ ಲೆಕ್ಕಾಚಾರದಿಂದ ಕೂಗುತ್ತಾನೆ, ಒಮ್ಮೊಮ್ಮೆ ಕೂಗಿದ ಮರುಗಳಿಗೆಯೇ ಪಕ್ಕದವನ ಕಡೆ ತಿರುಗಿ ನಗುತ್ತಾನೆ. ದಂಡವಿರುವುದು ಇಂಥವನಿಗಾಗಿ. ದುರದೃಷ್ಟವಶಾತ್ ನಮ್ಮ ಅಂಗಣಗಳಲ್ಲಿ ದಂಡ ಬೀಳುವುದು ಸಾಮಾನ್ಯವಾಗಿ ಮೊದಲನೆಯವನಿಗೆ. ಆತನು ಬಡ ಶಾಲೆಯವನಾಗಿದ್ದರಂತೂ ಸರಿಯೇ ಸರಿ!

ಅನುಭವಿಗಳಾದ ತೀರ್ಪುಗಾರರ ನಡೆಯನ್ನು ಗಮನಿಸಿದರೆ ಕೆಲವು ಸಂಗತಿಗಳು ಗೋಚರವಾಗುತ್ತವೆ. ಅವರು ಪ್ರಶ್ನೆಗೆ ಉತ್ತರ ಕೊಡುತ್ತಾರೆ, ಟೀಕೆಗೆ ಕೊಡುವುದಿಲ್ಲ. “ಅದು ಹೇಗೆ ಫೌಲ್ ಆಯಿತು?” ಎಂದರೆ “ಮೊಣಕೈ ತಾಗಿತು” ಎನ್ನುತ್ತಾರೆ; “ನಿನಗೇನೂ ತಿಳಿಯದು” ಎಂದರೆ ಮುಂದೆ ನಡೆಯುತ್ತಾರೆ. ಎತ್ತರದ ದನಿಗೆ ತಗ್ಗಿದ ದನಿಯಿಂದ ಉತ್ತರಿಸುತ್ತಾರೆ. ಕೇಳಿಸಿಕೊಳ್ಳಬೇಕಾದರೆ ಕೂಗುವವನು ತಾನೇ ಸುಮ್ಮನಾಗಬೇಕಲ್ಲವೇ? ಬೆಂಚಿನ ಮುಂದೆ ಎದೆಗೆ ಎದೆಕೊಟ್ಟು ನಿಲ್ಲದೆ, ಪಕ್ಕದಲ್ಲಿ, ಅಂಗಣದ ಕಡೆಗೆ ಮುಖಮಾಡಿ ನಿಲ್ಲುತ್ತಾರೆ. ಇಬ್ಬರೂ ಸೇರಿ ಆಟವನ್ನು ನೋಡುತ್ತಿದ್ದಾರೆಂಬಂತೆ ಹುಡುಗರಿಗೆ ತೋರುತ್ತದೆ. ಎಚ್ಚರಿಕೆಯನ್ನು ಒಂದೇ ಸಲ, ಸ್ಪಷ್ಟವಾಗಿ ಕೊಡುತ್ತಾರೆ. ಆ ಮೇಲೂ ಮಾತು ಮುಂದುವರಿದರೆ ಮುಖದಲ್ಲಿ ಸಿಟ್ಟಿನ ಎಳೆಯೂ ಇಲ್ಲದೆ ‘ಟಿ’ ತೋರಿಸಿ, ದಾಖಲೆಯ ಮೇಜಿಗೆ ತಿಳಿಸಿ, ಬೆಂಚಿನಿಂದ ದೂರ ಹೋಗುತ್ತಾರೆ. ಆ ಪಕ್ಕಕ್ಕೆ ಜೊತೆಯ ತೀರ್ಪುಗಾರನು ಬರುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ದಂಡ ಹಾಕಿದ ಮೇಲೆ ಪಶ್ಚಾತ್ತಾಪಪಟ್ಟು ಆ ತಂಡಕ್ಕೆ ಮುಂದಿನ ತೀರ್ಪನ್ನು ದಾನವಾಗಿ ಕೊಡುವುದಿಲ್ಲ. ಒಂದು ತಪ್ಪನ್ನು ಇನ್ನೊಂದರಿಂದ ಸರಿತೂಗಿಸುವ ಈ ‘ಸಮಾಧಾನದ ಸೀಟಿ’ಯಷ್ಟು ಹಾನಿಕರವಾದುದು ಬೇರೊಂದಿಲ್ಲ. ಕೂಗಿದರೆ ಫಲವುಂಟೆಂದು ಬೆಂಚಿಗೆ ಕಲಿಸುವುದು ಅದೇ.

ಈ ಗಡಿನಾಡಿಗೆ ವಿಶಿಷ್ಟವಾದ ತೊಡಕೊಂದಿದೆ. ಅದನ್ನು ಮುಚ್ಚಿಟ್ಟು ಫಲವಿಲ್ಲ. ಉದ್ಯಮಬಾಗದಿಂದ ಖಾನಾಪುರದವರೆಗಿನ ಶಾಲೆಗಳಲ್ಲಿ ಕನ್ನಡ, ಮರಾಠಿ, ಉರ್ದು ಮನೆಮಾತಿನ ಮಕ್ಕಳು ಒಂದೇ ತಂಡದಲ್ಲಿ ಆಡುತ್ತಾರೆ, ಯಾವ ಭಾಷೆಯಲ್ಲಿ ಚೆಂಡು ಕೇಳಿದರೂ ಕೊಡುತ್ತಾರೆ. ಅವರಿಗೆ ತೊಡಕಿಲ್ಲ. ತೊಡಕಿರುವುದು ಬೆಂಚಿನ ಹಿಂದೆ ನಿಂತವರಿಗೆ. ತೀರ್ಪು ಪ್ರತಿಕೂಲವಾದೊಡನೆ “ಅವ ಅವರ ಮಂದ್ಯಾವ” ಎಂಬ ಮಾತು ಹೊರಬೀಳುತ್ತದೆ. ಮೊಣಕೈ ತಾಗಿದ ವಿಷಯವು ಮನೆಮಾತಿನ ವಿಷಯವಾಗಿಬಿಡುತ್ತದೆ. ತರಬೇತುದಾರನು ಈ ಅಸ್ತ್ರವನ್ನು ಎತ್ತಿಕೊಂಡರೆ ಅವನಿಗೆ ಎಚ್ಚರಿಕೆಯೂ ಬೇಡ, ನೇರವಾಗಿ ದಂಡವೇ ಸಲ್ಲತಕ್ಕದ್ದು. ಬಾಸ್ಕೆಟ್‌ಬಾಲಿನ ಸಂಜ್ಞೆಗಳೆಲ್ಲ ಕೈಯವು ಎಂಬುದು ಇಲ್ಲಿ ದೊಡ್ಡ ಉಪಕಾರ. ಸನ್ನೆಯನ್ನು ಚೊಕ್ಕವಾಗಿ ಮಾಡುವ ತೀರ್ಪುಗಾರನು ಯಾವ ಮನೆಯವನೆಂದು ಕೇಳುವ ಕಾರಣವೇ ಉಳಿಯುವುದಿಲ್ಲ.

ತೀರ್ಪುಗಾರರೆಲ್ಲ ಸಾಧುಗಳೆಂದು ಈ ಮಾತಿನ ಅರ್ಥವಲ್ಲ. ದ್ರೋಣರ ಅದೇ ಪ್ರದರ್ಶನದಲ್ಲಿ ಕರ್ಣನು ಬಂದು ಅರ್ಜುನನಿಗೆ ಸವಾಲು ಹಾಕಿದಾಗ, ದ್ವಂದ್ವಯುದ್ಧದ ನಿಯಮ ಬಲ್ಲ ಕೃಪಾಚಾರ್ಯರು ಮುಂದೆ ಬಂದು ಆತನ ಕುಲವನ್ನು ಕೇಳಿದರು. ಬಿಲ್ಲಿನ ಮಾತನ್ನು ಬಿಟ್ಟು ಹುಟ್ಟಿನ ಮಾತನ್ನು ಎತ್ತಿದರು. ನಿಯಮವು ಅವರ ಕೈಯಲ್ಲಿತ್ತು, ನ್ಯಾಯವಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕುಲ ಕೇಳುವ ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ಅವರ ಹೆಸರಿನಲ್ಲಿ ನಡೆಯುವ ಶಾಲೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಿಯ ಶಾಲೆಯ ಹುಡುಗರು ಬರಿಗಾಲಿನಲ್ಲಿ ಬಂದರೆ ಹಗುರವಾಗಿ ನೋಡುವ, ಹೆಸರಾದ ಶಾಲೆಯ ಸಮವಸ್ತ್ರ ಕಂಡರೆ ಸೀಟಿಯನ್ನು ಮೆಲ್ಲನೆ ಊದುವ ತೀರ್ಪುಗಾರರೂ ಇದ್ದಾರೆ. ಅಂಥ ಕಡೆ ತರಬೇತುದಾರನ ಆಕ್ರೋಶಕ್ಕೆ ಕಾರಣವುಂಟು. ಆದರೂ ಆ ಆಕ್ರೋಶವು ಕಾಗದದ ಮೇಲೆ ಬರಬೇಕು; ಹುಡುಗರ ಮುಂದೆ ನಾಲಿಗೆಯ ಮೇಲಲ್ಲ.

ಕಲಿತ ದೇಶಗಳಲ್ಲಿ ಈ ರೋಗವಿಲ್ಲವೆಂದು ಭಾವಿಸುವವರು 1985ರ ಫೆಬ್ರವರಿ 23ರ ಸುದ್ದಿಯನ್ನು ನೆನೆಯಬೇಕು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಬಾಬ್ ನೈಟ್, ಅದರ ಹಿಂದಿನ ವರ್ಷವಷ್ಟೇ ತನ್ನ ದೇಶಕ್ಕೆ ಒಲಿಂಪಿಕ್ ಚಿನ್ನ ಗೆಲ್ಲಿಸಿಕೊಟ್ಟಿದ್ದ ತರಬೇತುದಾರನು, ಪರ್ಡ್ಯೂ ತಂಡದೆದುರಿನ ಪಂದ್ಯದಲ್ಲಿ ತೀರ್ಪಿನಿಂದ ಕೆರಳಿ ಕುರ್ಚಿಯೊಂದನ್ನು ಅಂಗಣಕ್ಕೆ ಎಸೆದನು. ಆತನನ್ನು ಪಂದ್ಯದಿಂದ ಹೊರಹಾಕಿದರು. ಬಳಿಕ ಒಂದು ಪಂದ್ಯದ ಅಮಾನತು ಆಯಿತು. ಆದರೆ ವಿಶ್ವವಿದ್ಯಾಲಯವು ಆತನನ್ನು ಕೆಲಸದಿಂದ ತೆಗೆದದ್ದು 2000ದಲ್ಲಿ, ಎಂದರೆ ಹದಿನೈದು ವರ್ಷಗಳ ಮೇಲೆ. ಗೆಲ್ಲಿಸುವವನ ಕುರ್ಚಿಗೆ ಕ್ಷಮೆ ಬೇಗ ದೊರೆಯುತ್ತದೆ. 2017ರಲ್ಲಿ ಆ ದೇಶದ ಕ್ರೀಡಾ ತೀರ್ಪುಗಾರರ ರಾಷ್ಟ್ರೀಯ ಸಂಘವು 17,000ಕ್ಕೂ ಮಿಕ್ಕಿದ ತೀರ್ಪುಗಾರರನ್ನು ಪ್ರಶ್ನಿಸಿದಾಗ, ಅಸಭ್ಯ ನಡತೆಗೆ ಹೆಚ್ಚು ಕಾರಣರಾದವರು ಪಾಲಕರೆಂದು ನೂರಕ್ಕೆ ಸುಮಾರು 39 ಮಂದಿಯೂ, ತರಬೇತುದಾರರೆಂದು ಸುಮಾರು 30 ಮಂದಿಯೂ ಹೇಳಿದರು. ಆಟಗಾರರೇ ಎಂದವರು ಹತ್ತರ ಆಸುಪಾಸು. ಮಕ್ಕಳು ಎಲ್ಲ ಕಡೆಯೂ ದೊಡ್ಡವರಿಗಿಂತ ಸಭ್ಯರು! ಅಲ್ಲಿ 2018-19ರಿಂದ ಮೂರು ವರ್ಷಗಳೊಳಗೆ ಪ್ರೌಢಶಾಲಾ ಪಂದ್ಯಗಳ ಸುಮಾರು 50,000 ತೀರ್ಪುಗಾರರು ಸೀಟಿಯನ್ನು ಕೆಳಗಿಟ್ಟರು. ಕೋವಿಡ್ ಕಾಲದ ಪಾಲೂ ಅದರಲ್ಲುಂಟು, ಬೈಗುಳದ ಪಾಲೂ ಉಂಟು.

ನಮ್ಮಲ್ಲಿ ಇದಕ್ಕೆ ಮದ್ದು ಎಲ್ಲಿದೆ? ಉದ್ಯಮಬಾಗದವರಿಗೆ ಅದು ಗೊತ್ತೇ ಇದೆ; ಅಂಗಣದಲ್ಲಿ ಮಾತ್ರ ಮರೆತುಹೋಗುತ್ತದೆ. ಎರಕದ ಕಾರ್ಖಾನೆಯಲ್ಲಿ ಕುಲುಮೆಯಿಂದ ಹೊರಬಿದ್ದು ಯಂತ್ರದಲ್ಲಿ ಕಡೆದು ಬಂದ ಕಾಸ್ಟಿಂಗನ್ನು ಪರೀಕ್ಷಿಸಲು ಗೇಜು ಹಿಡಿದ ಒಬ್ಬ ಇನ್‌ಸ್ಪೆಕ್ಟರ್ ಕುಳಿತಿರುತ್ತಾನೆ. ಒಳಗೆ ಗಾಳಿಗುಳ್ಳೆಯಿದ್ದರೆ, ಅಳತೆ ಕೂದಲೆಳೆಯಷ್ಟು ತಪ್ಪಿದ್ದರೆ ತಿರಸ್ಕರಿಸುತ್ತಾನೆ. ಲಾರಿ ಬಾಗಿಲಲ್ಲಿ ನಿಂತಿರುತ್ತದೆ, ಮಾಲು ರಾತ್ರಿಯೊಳಗೆ ಪುಣೆ ಸೇರಬೇಕು, ಮೇಲ್ವಿಚಾರಕನು ಅವನ ಮೇಲೆ ಹರಿಹಾಯುತ್ತಾನೆ. ಆಗ ತಿಳಿದ ಮಾಲೀಕನು ಏನು ಮಾಡುತ್ತಾನೆ? ಗೇಜು ಹಿಡಿದವನ ಪಕ್ಷಕ್ಕೆ ನಿಲ್ಲುತ್ತಾನೆ. ಯಾತಕ್ಕೆಂದರೆ ಇಂದು ದಬಾಯಿಸಿ ಸಾಗಿಸಿದ ಮಾಲು ನಾಳೆ ಲಾರಿಗಟ್ಟಲೆ ತಿರುಗಿ ಬರುತ್ತದೆಂಬುದನ್ನು ಆತನು ನಷ್ಟಪಟ್ಟು ಕಲಿತಿದ್ದಾನೆ. ಅದೇ ಮಾಲೀಕನು ಶಾಲೆಯ ಆಡಳಿತ ಮಂಡಳಿಯ ಸದಸ್ಯನಾಗಿ ಅಂಗಣಕ್ಕೆ ಬಂದಾಗ, ದಬಾಯಿಸಿ ತಂದ ಕಪ್ಪನ್ನು ಕಂಡು ತರಬೇತುದಾರನ ಬೆನ್ನು ತಟ್ಟುವುದು ಹೇಗೆ ಸಾಧ್ಯವಾಗುತ್ತದೋ ತಿಳಿಯದು. ಹುಡುಗರು ಕಾಸ್ಟಿಂಗಿಗಿಂತ ಕಡಿಮೆ ಬೆಲೆಯ ಮಾಲೇನೂ ಅಲ್ಲವಲ್ಲ!

ನಿಜ ಹೇಳುವುದಾದರೆ ತರಬೇತುದಾರನ ನಾಲಿಗೆಯ ಹಿಂದೆ ಶಾಲೆಯೇ ನಿಂತಿರುತ್ತದೆ. ಕಪ್ಪು ಬಂದರೆ ಮುಖ್ಯಾಧ್ಯಾಪಕರ ಕೋಣೆಯ ಕಪಾಟಿನಲ್ಲಿ ಜಾಗ, ವಾರ್ಷಿಕ ವರದಿಯಲ್ಲಿ ಒಂದು ಸಾಲು, ಸಂಚಿಕೆಯಲ್ಲಿ ಭಾವಚಿತ್ರ. ಬಾರದಿದ್ದರೆ “ಮಾಸ್ತರ, ಈ ವರ್ಷ ಏನಾತರಿ?” ಎಂಬ ಪ್ರಶ್ನೆ. ರಾಜ್ಯಮಟ್ಟಕ್ಕೆ ಹೋದರೆ ಮುಂದೆ ಕ್ರೀಡಾ ಕೋಟಾದಲ್ಲಿ ಸೀಟು ದೊರೆತೀತೆಂಬ ಪಾಲಕರ ಆಸೆ ಬೇರೆ. ಈ ಭಾರವನ್ನೆಲ್ಲ ಹೊತ್ತ ಬಡಪಾಯಿಯು ಕಡೆಗೆ ಅದನ್ನು ಸೀಟಿ ಹಿಡಿದ ಇನ್ನೊಬ್ಬ ಬಡಪಾಯಿಯ ಮೇಲೆ ಇಳಿಸುತ್ತಾನೆ. ಆದುದರಿಂದ ತೀರ್ಪುಗಾರನೊಬ್ಬನೇ ಧೈರ್ಯವಂತನಾಗಬೇಕೆಂದು ಬಯಸುವುದು ಸಲ್ಲದು. ತರಬೇತುದಾರನನ್ನು ನೇಮಿಸಿದವರು ಮೊದಲು ಧೈರ್ಯ ತೋರಬೇಕು.

ಮೇಲಿನವರು ಇಳಿದು ಬಂದರೆ ಏನಾದೀತೆಂಬುದಕ್ಕೆ ಈ ಆಟದ ಇತಿಹಾಸದಲ್ಲಿಯೇ ದೊಡ್ಡ ದೃಷ್ಟಾಂತವಿದೆ. 1972ರ ಮ್ಯೂನಿಚ್ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಮೂರು ಸೆಕೆಂಡು ಉಳಿದಿರುವಾಗ ಅಮೆರಿಕವು ಸೋವಿಯತ್ ಒಕ್ಕೂಟದ ಮೇಲೆ 50-49ರಿಂದ ಮುಂದಿತ್ತು. ತಾವು ಕೇಳಿದ ಟೈಮ್‌ಔಟ್ ದೊರೆಯಲಿಲ್ಲವೆಂದು ಸೋವಿಯತ್ ಬೆಂಚಿನವರು ಮೇಜಿನ ಮುಂದೆ ಗದ್ದಲವೆಬ್ಬಿಸಿದರು. ಆಗ ಅಂತರರಾಷ್ಟ್ರೀಯ ಸಂಸ್ಥೆಯ ಪ್ರಧಾನ ಕಾರ್ಯದರ್ಶಿ ವಿಲಿಯಂ ಜೋನ್ಸ್ ಪ್ರೇಕ್ಷಕರ ಕಡೆಯಿಂದ ಇಳಿದು ಬಂದು, ಗಡಿಯಾರವನ್ನು ಮೂರು ಸೆಕೆಂಡಿಗೆ ತಿರುಗಿಸುವಂತೆ ಅಪ್ಪಣೆ ಕೊಟ್ಟನು. ಆಟದ ನಡುವೆ ಹಾಗೆ ಆಜ್ಞಾಪಿಸುವ ಅಧಿಕಾರವನ್ನು ನಿಯಮವು ಅವನಿಗೆ ಕೊಟ್ಟಿರಲಿಲ್ಲ. ಆ ಮೂರು ಸೆಕೆಂಡನ್ನು ಮತ್ತೆ ಮತ್ತೆ ಆಡಿಸಿ, ಕೊನೆಗೆ ಅಲೆಕ್ಸಾಂಡರ್ ಬೆಲೋವ್ ಹಾಕಿದ ಚೆಂಡಿನಿಂದ ಫಲಿತಾಂಶವು 51-50 ಆಯಿತು. ಬ್ರೆಜಿಲಿನ ತೀರ್ಪುಗಾರ ರೆನಾಟೊ ರಿಗೆಟೊ ಅಂಕಪಟ್ಟಿಗೆ ಸಹಿ ಹಾಕಲು ನಿರಾಕರಿಸಿದನು. ಅಮೆರಿಕದ ಆಟಗಾರರು ಬೆಳ್ಳಿ ಪದಕಗಳನ್ನು ಸ್ವೀಕರಿಸಲೇ ಇಲ್ಲ. ಟೈಮ್‌ಔಟಿನ ವಾದದಲ್ಲಿ ಯಾರ ಕಡೆ ಸತ್ಯವಿತ್ತೆಂಬ ಚರ್ಚೆ ಅರ್ಧ ಶತಮಾನ ಕಳೆದರೂ ಮುಗಿದಿಲ್ಲ. ಮುಗಿಯದಿರಲು ಕಾರಣ, ಅದನ್ನು ತೀರ್ಮಾನಿಸತಕ್ಕವನ ಕೈಯಿಂದ ತೀರ್ಮಾನವನ್ನು ಕಸಿದುಕೊಂಡದ್ದು.

ನಮ್ಮ ಕೂಟಗಳಲ್ಲಿಯೂ ಚಿಕ್ಕ ಚಿಕ್ಕ ಜೋನ್ಸರು ಇದ್ದಾರೆ. ಶಾಮಿಯಾನದ ಕೆಳಗೆ ಹಾರ ಹಾಕಿಸಿಕೊಂಡು ಕುಳಿತ ಗಣ್ಯರಲ್ಲಿ ಒಬ್ಬರು ಎದ್ದು ಬಂದು “ಹೋಗಲಿ ಬಿಡ್ರಿ, ಹುಡುಗರು, ಆ ಫೌಲ್ ತೆಗೀರಿ” ಎಂದು ದಯೆ ತೋರಿಸುತ್ತಾರೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಕ್ಕೆ ಅಧಿಕಾರಿಯಾಗಿದ್ದ ಬಸವಣ್ಣನವರು ಅನುಭವ ಮಂಟಪದಲ್ಲಿ ಶೂನ್ಯಸಿಂಹಾಸನದ ಮೇಲೆ ತಾವು ಕೂಡಲಿಲ್ಲ. ಅಲ್ಲಿ ಅಲ್ಲಮಪ್ರಭುಗಳು ಕುಳಿತರು. ಆ ಗದ್ದುಗೆಯ ಮಾತಿಗೆ ಬಸವಣ್ಣನವರು ತಲೆಬಾಗಿದರು. ಅಂಗಣವನ್ನು ಕಟ್ಟಿಸಿಕೊಟ್ಟ ದಾನಿಗೂ, ಪಂದ್ಯವನ್ನು ಏರ್ಪಡಿಸಿದ ಸಂಸ್ಥೆಗೂ ಆ ಗೆರೆಯ ಆಚೆಯೇ ಆಸನ.

ಸಂಸ್ಥೆಗಳು ಮನಸ್ಸು ಮಾಡಿದರೆ ಕೈಗೆಟಕುವ ಕೆಲಸಗಳು ಹಲವಿವೆ. ತನ್ನ ಶಾಲೆಯ ತರಬೇತುದಾರನ ಹೆಸರಿನ ಮುಂದೆ ಅಂಕಪಟ್ಟಿಯಲ್ಲಿ ಗುರುತು ಬಿದ್ದರೆ, ಗೆದ್ದು ಬಂದಿರಲಿ ಸೋತು ಬಂದಿರಲಿ, ಮರುದಿನ ಮುಖ್ಯಾಧ್ಯಾಪಕರ ಮುಂದೆ ಕಾರಣ ಬರೆದುಕೊಡಬೇಕೆಂಬ ಪದ್ಧತಿಯನ್ನು ಇಡಬಹುದು. ಎರಡು ಸಲ ಹೊರಹಾಕಿಸಿಕೊಂಡವನು ಆ ವರ್ಷ ಬೆಂಚಿಗೆ ಹೋಗತಕ್ಕದ್ದಲ್ಲ, ಕಪ್ಪು ಹೋದರೂ ಹೋಗಲಿ. ತನ್ನ ಶಾಲೆ ಆಡುವ ಗುಂಪಿನ ಪಂದ್ಯಗಳಿಗೆ ಆ ಶಾಲೆಯ ಶಿಕ್ಷಕನನ್ನು ತೀರ್ಪುಗಾರನಾಗಿ ಹಾಕದಂತೆ ಸಂಘಟಕರನ್ನು ಒತ್ತಾಯಿಸಬಹುದು. ಬೆಳಗಾವಿಯವರು ಖಾನಾಪುರದಲ್ಲಿ, ಖಾನಾಪುರದವರು ಬೆಳಗಾವಿಯಲ್ಲಿ ಸೀಟಿ ಹಿಡಿದರೆ ಬಸ್ಸಿನ ಖರ್ಚಷ್ಟೇ ಹೆಚ್ಚು. ಹತ್ತನೆಯ ತರಗತಿ ದಾಟಿದ ಹಳೆಯ ಆಟಗಾರರಲ್ಲಿ ಆಸಕ್ತರನ್ನು ಆರಿಸಿ ಬೇಸಿಗೆಯ ರಜೆಯಲ್ಲಿ ನಿಯಮಗಳನ್ನೂ ಸನ್ನೆಗಳನ್ನೂ ಕಲಿಸುವ ಶಿಬಿರ ನಡೆಸಿದರೆ ಕೆಲವು ವರ್ಷಗಳಲ್ಲಿ ಯಾರ ಹಂಗಿನಲ್ಲಿಯೂ ಇರದ ತರುಣ ತೀರ್ಪುಗಾರರ ಪಡೆಯೊಂದು ಸಿದ್ಧವಾದೀತು. ಕಪ್ಪಿಗೆ, ಸಮವಸ್ತ್ರಕ್ಕೆ, ದೀಪಕ್ಕೆ ಉದಾರವಾಗಿ ಕೊಡುವ ದಾನಿಗಳಲ್ಲಿ ಒಬ್ಬರಾದರೂ ಈ ಶಿಬಿರದ ಹೆಸರಿನಲ್ಲಿ ದತ್ತಿ ಇಟ್ಟದ್ದು ಇನ್ನೂ ಕೇಳಿಬಂದಿಲ್ಲ. ಕಪ್ಪಿನ ಮೇಲೆ ಹೆಸರು ಕೆತ್ತಿಸಬಹುದು, ಸೀಟಿಯ ಮೇಲೆ ಕೆತ್ತಿಸಲಾಗದು ಎಂಬುದೊಂದೇ ಅಡ್ಡಿಯಾಗಿರಬಹುದು.

ಕೊನೆಯದಾಗಿ ತೀರ ಸಣ್ಣದೊಂದು ಮಾತು. ನಸುಕಿನ ಬಸ್ಸು ಹಿಡಿದು, ನೆನೆದ ಬಟ್ಟೆಯಲ್ಲಿ ಉದ್ಯಮಬಾಗದ ಅಂಗಣಕ್ಕೆ ಬಂದ ತೀರ್ಪುಗಾರನಿಗೆ ಬಟ್ಟೆ ಬದಲಿಸಲು ಒಂದು ಕೋಣೆ, ಕೂಡಲು ಒಂದು ಕುರ್ಚಿ, ಪಂದ್ಯಗಳ ನಡುವೆ ಬಿಸಿಯಾದ ಚಹ ಇರುವುದಿಲ್ಲ. ತಂಡಗಳಿಗೆಲ್ಲ ಊಟ ಹಾಕಿದ ಮೇಲೆ ಆತನಿಗೆ ಬಾಳೆಹಣ್ಣಿನ ಪೊಟ್ಟಣವೊಂದನ್ನು ಕೊಟ್ಟು ಕಳುಹಿಸುತ್ತಾರೆ. ಶ್ರೀಮಠದ ಶಾಲೆಯ ಅಂಗಣದಲ್ಲಿ ಪಂದ್ಯ ನಡೆದ ದಿನ ದಾಸೋಹದ ಪಂಕ್ತಿಯಲ್ಲಿ ಮೊದಲು ಕೂಡತಕ್ಕವರು ಅಂದಿನ ತೀರ್ಪುಗಾರರು. ಅವರ ಎಡಬಲಕ್ಕೆ ಆ ದಿನದ ಇಬ್ಬರು ತರಬೇತುದಾರರನ್ನು ಕೂಡಿಸಿ ರೊಟ್ಟಿ ಬಡಿಸಬೇಕು. ಸಂಜೆ ಖಾನಾಪುರದ ಕಡೆಗೆ ಹೋಗುವ ಬಸ್ಸಿನಲ್ಲಿ ಹೇಗೂ ಅವರು ಒಂದೇ ಸೀಟಿನ ಮೇಲೆ ಕುಳಿತು ಹೋಗುವವರೇ.